ಮೇಣದ ಗಟ್ಟಿ ಜೋಪಾನ: ಗರ್ಭಕೋಶದ ಕ್ಯಾನ್ಸರಿಗೆ ಜೀನ್ ಪರೀಕ್ಷೆ ಮಾಡಿಸುವ ಮನೆಯವರಿಗೆ

ನಮ್ಮ ದೊಡ್ಡವ್ವಗೆ ಮುಟ್ಟು ನಿಂತು ಒಂಬತ್ತು ವರ್ಷವಾಗಿತ್ತು. ಆಮೇಲೆ ಒಂದು ದಿನ ಸೀರೆಗೆ ರಕ್ತದ ಕಲೆ ಕಂಡಿತು. ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ರೋಣದಿಂದ ಧಾರವಾಡಕ್ಕೆ ಬಂದಾಗ ನನ್ನ ಅವ್ವನ ಕಿವಿಯಲ್ಲಿ ಹೇಳಿದಳು: "ಈ ವಯಸ್ಸಿನಾಗ ಮತ್ತ ಹೊರಗಾಗಾಕತ್ತೀನಿ, ಯಾರ ಮುಂದ ಹೇಳ್ಲಿ?"

ಅಲ್ಲಿಂದ ಗದಗ, ಹುಬ್ಬಳ್ಳಿ, ಧಾರವಾಡ ಅಂತ ನಮ್ಮ ಓಡಾಟ ಶುರುವಾಯಿತು. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು, ಡಾಕ್ಟರ್ ಅಲ್ಲ. ಆದರೆ ರಿಪೋರ್ಟ್ ಹಿಡಿದು ಕೌಂಟರ್‌ನಿಂದ ಕೌಂಟರ್‌ಗೆ ತಿರುಗಿದವಳು ನಾನೇ. ಯಾವ ಪರೀಕ್ಷೆ ಕೇಳಬೇಕು, ಯಾವಾಗ ಕೇಳಬೇಕು, ರಿಪೋರ್ಟ್ ಬಂದ ಮೇಲೆ ಅದರಲ್ಲಿ ಏನು ನೋಡಬೇಕು ಎಂದು ಮೊದಲೇ ಯಾರಾದರೂ ಹೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಆ ಎರಡು ತಿಂಗಳು ನಿಮಗೆ ಉಳಿಯಲಿ.

ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಗರ್ಭಕೋಶದ ಕ್ಯಾನ್ಸರಿನಲ್ಲಿ "ಎಷ್ಟನೇ ಹಂತ?" ಎಂದು ಎಲ್ಲರೂ ಕೇಳುತ್ತಾರೆ. "ಯಾವ ಜೀನ್ ಗುಂಪು?" ಎಂದು, ಅಂದರೆ ಗಡ್ಡೆಯಲ್ಲಿ ಯಾವ ಜೀನ್ ಕೆಟ್ಟಿದೆ ಎಂದು, ಬಹಳ ಮಂದಿ ಕೇಳುವುದೇ ಇಲ್ಲ. ಮುಂದೆ ಏನಾಗಬಹುದು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎನ್ನುವುದನ್ನು ಹೇಳುವುದರಲ್ಲಿ ಈ ಎರಡನೇ ಪ್ರಶ್ನೆಯ ಪಾಲು ದೊಡ್ಡದು.

ಮೊದಲು ಹೆಸರು ಸರಿ ಮಾಡಿಕೊಳ್ಳಿ

ನಮ್ಮ ಕಡೆ ಎಲ್ಲದಕ್ಕೂ "ಗರ್ಭಚೀಲದ ಕ್ಯಾನ್ಸರ್" ಅನ್ನುತ್ತಾರೆ. ಅದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದು ಗರ್ಭಕೋಶದ ಬಾಯಿಯದು, ಅಂದರೆ ಗರ್ಭಕಂಠದ್ದು. ಅದು ಹೆಚ್ಚಾಗಿ ಎಚ್‌ಪಿವಿ ವೈರಸ್‌ನಿಂದ ಬರುತ್ತದೆ. ಇನ್ನೊಂದು ಗರ್ಭಕೋಶದ ಒಳಪದರದ್ದು. ಡಾಕ್ಟರರು ಅದಕ್ಕೆ ಎಂಡೊಮೆಟ್ರಿಯಲ್ ಕ್ಯಾನ್ಸರ್ ಅನ್ನುತ್ತಾರೆ. ಈ ಲೇಖನ ಪೂರ್ತಿ ಎರಡನೆಯದರ ಬಗ್ಗೆ. ಪ್ಯಾಪ್ ಸ್ಮಿಯರ್ ಇರುವುದು ಗರ್ಭಕಂಠಕ್ಕಾಗಿ. ಅದು ನಾರ್ಮಲ್ ಬಂತು ಎಂದು ಒಳಪದರದ ಬಗ್ಗೆ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಒಳಪದರದ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ 90 ಜನಕ್ಕೆ ರಕ್ತಸ್ರಾವವೇ ಮೊದಲ ಸೂಚನೆ. ಹಾಗಂತ ಮುಟ್ಟು ನಿಂತ ಮೇಲೆ ರಕ್ತ ಕಂಡವರಿಗೆಲ್ಲ ಕ್ಯಾನ್ಸರ್ ಅಲ್ಲ. ಅಂಥವರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ. ಆದರೆ ಆ 9ರಲ್ಲಿ ನಾವಿದ್ದೇವಾ ಇಲ್ಲವಾ ಎಂದು ಮನೆಯಲ್ಲಿ ಕುಳಿತು ತಿಳಿಯುವುದಿಲ್ಲ, ಅಲ್ವಾ? ತೂಕ ಜಾಸ್ತಿ ಇರುವವರು, ಸಕ್ಕರೆ ಕಾಯಿಲೆ ಇರುವವರು, ಮಕ್ಕಳಾಗದವರು, ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಂಡವರು ಇನ್ನೂ ಬೇಗ ತೋರಿಸಬೇಕು.

ಚೀಲ ತೆಗೆಸುವ ಮೊದಲು ಚೂರು ತೆಗೆಸಿ

ನಮ್ಮ ಭಾಗದಲ್ಲಿ ರಕ್ತ ಜಾಸ್ತಿ ಹೋದರೆ "ಚೀಲ ತೆಗೆಸಿಬಿಡ್ರಿ" ಅನ್ನುವ ಮಾತು ಬಹಳ ಸುಲಭವಾಗಿ ಬರುತ್ತದೆ. ದಯವಿಟ್ಟು ಅವಸರ ಮಾಡಬೇಡಿ. ಮೊದಲು ಒಳಗಿನಿಂದ ಸ್ಕ್ಯಾನ್ ಮಾಡಿ ಒಳಪದರ ಎಷ್ಟು ದಪ್ಪ ಇದೆ ಎಂದು ನೋಡುತ್ತಾರೆ. ಮುಟ್ಟು ನಿಂತವರಲ್ಲಿ ಅದು 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಂಡರೆ, ಬಯಾಪ್ಸಿ ಬೇಕು. ಸಣ್ಣ ಕೊಳವೆಯಿಂದ ಹೀರಿ ತೆಗೆಯುತ್ತಾರೆ, ಇಲ್ಲವೇ ಒಳಪದರ ಕೆರೆದು ತೆಗೆಯುತ್ತಾರೆ. ಕೆರೆಯುವುದಕ್ಕೆ ಡಿ ಅಂಡ್ ಸಿ ಅನ್ನುತ್ತಾರೆ.

ಬಯಾಪ್ಸಿ ಇಲ್ಲದೆ ಗರ್ಭಕೋಶ ತೆಗೆದರೆ ಎರಡು ತೊಂದರೆ. ಒಳಗೆ ಕ್ಯಾನ್ಸರ್ ಇದ್ದರೆ ಆಪರೇಷನ್ನಿನ ರೀತಿಯೇ ಬೇರೆ ಇರಬೇಕಿತ್ತು. ಅಂಡಾಶಯ ಮತ್ತು ನಳಿಕೆಗಳನ್ನು ತೆಗೆಯಬೇಕಾ, ಲಿಂಫ್ ಗಂಟುಗಳನ್ನು ನೋಡಬೇಕಾ ಎಂದೆಲ್ಲ ಮೊದಲೇ ಯೋಚಿಸಬೇಕಿತ್ತು. ಇನ್ನೊಂದು ತೊಂದರೆ ಜೀನ್ ಪರೀಕ್ಷೆಗೆ ಸಂಬಂಧಿಸಿದ್ದು. ಅದು ನಮಗೆ ಅನುಭವದಿಂದಲೇ ಗೊತ್ತಾಯಿತು.

ದೊಡ್ಡವ್ವಗೆ ಗದಗದಲ್ಲಿ ಡಿ ಅಂಡ್ ಸಿ ಆಯಿತು. ಕ್ಯಾನ್ಸರ್ ಎಂದು ರಿಪೋರ್ಟ್ ಬಂತು. ಮುಂದೆ ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಶನಿವಾರ ಸಂಜೆ ಆಪರೇಷನ್ ಆಯಿತು. ಗರ್ಭಕೋಶವನ್ನು ಸೀಳದೆ ಇಡಿಯಾಗಿ ಒಂದು ಡಬ್ಬಿಯಲ್ಲಿ ಹಾಕಿಟ್ಟರು. ಡಬ್ಬಿಯೂ ಸಣ್ಣದು. ಲ್ಯಾಬಿನವರು ಅದನ್ನು ಕತ್ತರಿಸಿದ್ದು ಸೋಮವಾರ.

ದೇಹದಿಂದ ಹೊರಬಂದ ಕೂಡಲೇ ಜೀವಕೋಶಗಳು ಕೆಡಲು ಶುರುವಾಗುತ್ತವೆ. ಅದನ್ನು ತಡೆಯುವುದು ಫಾರ್ಮಲಿನ್. ಆದರೆ ಫಾರ್ಮಲಿನ್ ಮಾಂಸದೊಳಗೆ ಇಳಿಯುವುದು ಬಹಳ ನಿಧಾನ. ಗರ್ಭಕೋಶದ ಗೋಡೆ ದಪ್ಪ, ಕ್ಯಾನ್ಸರ್ ಇರುವುದು ಅದರ ಒಳಗಡೆ. ಸೀಳದೆ ಇಟ್ಟರೆ ದ್ರವ ಹೊರಗೇ ನಿಲ್ಲುತ್ತದೆ, ಒಳಪದರ ಕೆಡುತ್ತದೆ. ಹಾಗೇ ಆಯಿತು. ಮಾಮೂಲಿ ರಿಪೋರ್ಟ್ ಹೇಗೋ ಬಂತು. ಮುಂದೆ ಬಣ್ಣದ ಪರೀಕ್ಷೆಗೆ, ಅಂದರೆ ಗಡ್ಡೆಯಲ್ಲಿ ಯಾವ ಪ್ರೋಟೀನ್ ಇದೆ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆಗೆ, ಕಳಿಸಿದಾಗ "ಓದಲು ಬರುವುದಿಲ್ಲ" ಎಂದು ವಾಪಸ್ ಬಂತು. ಆ ದಿನ ನಾನು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತೆ.

ಹಾಗಾಗಿ ಆಪರೇಷನ್ನಿಗೆ ಮುಂಚೆಯೇ ಡಾಕ್ಟರರನ್ನು ಮೆಲ್ಲಗೆ ಕೇಳಿ: "ತೆಗೆದದ್ದನ್ನ ಅವತ್ತೇ ಸೀಳಿ ಫಾರ್ಮಲಿನ್‌ನಾಗ ಹಾಕತಾರೇನ್ರಿ? ಬಯಾಪ್ಸಿಗೆ ಕಳಸತಾರಲ್ರಿ?" ಫಾರ್ಮಲಿನ್ ಕಡಿಮೆಯೆಂದರೂ ಅಂಗದ ಹತ್ತು ಪಟ್ಟು ಇರಬೇಕು. ವಾರದ ಕೊನೆಗೆ ಲ್ಯಾಬ್ ಮುಚ್ಚುವುದಿದ್ದರೆ ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಿ. ಇದನ್ನು ಕೇಳುವುದು ರೋಗಿಯ ಮನೆಯವರ ಹಕ್ಕು. ಒಳ್ಳೆಯ ಡಾಕ್ಟರರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೇಣದ ಗಟ್ಟಿ ಎಲ್ಲಿದೆ ಎಂದು ಕೇಳಿ

ನಮ್ಮನ್ನು ಕಾಪಾಡಿದ್ದು ಗದಗದ ಆ ಹಳೆಯ ಚೂರು. ಡಿ ಅಂಡ್ ಸಿಯಲ್ಲಿ ಬಂದದ್ದು ಸಣ್ಣ ಸಣ್ಣ ತುಣುಕುಗಳು. ತೆಗೆದ ಕೂಡಲೇ ಫಾರ್ಮಲಿನ್‌ಗೆ ಬಿದ್ದಿದ್ದವು. ಸಣ್ಣ ತುಣುಕಿಗೆ ದ್ರವ ಬೇಗ ಇಳಿಯುತ್ತದೆ. ಅದಕ್ಕೇ ಈ ಪರೀಕ್ಷೆಗಳಿಗೆ ಆಪರೇಷನ್ನಿನ ಅಂಗಕ್ಕಿಂತ ಮೊದಲಿನ ಬಯಾಪ್ಸಿಯೇ ಎಷ್ಟೋ ಸಲ ಚೆನ್ನಾಗಿರುತ್ತದೆ. ಡಾಕ್ಟರ್ ಮೇಡಂ "ಹಳೇ ಬ್ಲಾಕ್ ಇದ್ದರ ತರ್ರಿ" ಎಂದಾಗ ನಮಗೆ ಹೋದ ಜೀವ ಬಂದಂತಾಯಿತು.

ಬ್ಲಾಕ್ ಅಂದರೆ ಹೆಬ್ಬೆರಳಿನಷ್ಟು ಅಗಲದ ಪ್ಲಾಸ್ಟಿಕ್ ಚೌಕಟ್ಟು. ಅದರ ಮೇಲೆ ಮೇಣದ ಗಟ್ಟಿ. ಮೇಣದ ಒಳಗೆ ನಮ್ಮ ದೇಹದ ಚೂರು. ಬದಿಯಲ್ಲಿ ಒಂದು ನಂಬರ್ ಬರೆದಿರುತ್ತದೆ. ಸರಿಯಾಗಿ ಇಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಇದರಿಂದ ಕೂದಲಿಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಕೂರಿಸಿದರೆ ಸ್ಲೈಡ್ ಆಗುತ್ತದೆ.

ಬ್ಲಾಕ್ ತರಲು ಹೋಗುವಾಗ ಇವಿಷ್ಟು ಕೈಯಲ್ಲಿರಲಿ: ಮೊದಲಿನ ರಿಪೋರ್ಟ್, ರೋಗಿಯ ಗುರುತಿನ ಚೀಟಿ, ರೋಗಿ ಬರಲಾಗದಿದ್ದರೆ ಅವರ ಸಹಿ ಇರುವ ಪತ್ರ, ಈಗಿನ ಡಾಕ್ಟರರು ಬರೆದುಕೊಟ್ಟ ಚೀಟಿ. ಲ್ಯಾಬಿನವರು ರಿಜಿಸ್ಟರ್‌ನಲ್ಲಿ ಸಹಿ ಮಾಡಿಸಿಕೊಂಡು ಕೊಡುತ್ತಾರೆ. ಬ್ಲಾಕ್ ಜೊತೆಗೆ ಬಣ್ಣ ಹಾಕಿದ ಸ್ಲೈಡನ್ನೂ ಕೇಳಿ ತನ್ನಿ. ಬ್ಲಾಕಿನ ನಂಬರ್ ಮತ್ತು ರಿಪೋರ್ಟಿನ ನಂಬರ್ ಒಂದೇ ಇದೆಯಾ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಕೇಸ್ ಪೇಪರ್‌ಗಳ ಪ್ರತಿ ಕೇಳಿದರೆ ಡಾಕ್ಟರರು 72 ತಾಸಿನ ಒಳಗೆ ಕೊಡಬೇಕು ಎಂದು ವೈದ್ಯರ ವೃತ್ತಿ ನಿಯಮ ಹೇಳುತ್ತದೆ.

ಇನ್ನೊಂದು ಮಾತು. ಮೇಣ ಕರಗುವುದು ಸುಮಾರು 56ರಿಂದ 60 ಡಿಗ್ರಿಗೆ. ಏಪ್ರಿಲ್ ತಿಂಗಳ ಗದಗಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ, ಸ್ಕೂಟರಿನ ಡಿಕ್ಕಿಯೊಳಗೆ ಇಡಬೇಡಿ. ನಮ್ಮ ಅಣ್ಣ ಅದನ್ನು ಊಟದ ಡಬ್ಬಿಯಲ್ಲಿ ಹತ್ತಿ ಹಾಕಿ ಇಟ್ಟುಕೊಂಡು, ಬಸ್ಸಿನಲ್ಲಿ ಮಡಿಲ ಮೇಲೆ ಹಿಡಿದುಕೊಂಡೇ ಹುಬ್ಬಳ್ಳಿಗೆ ತಂದ. ಫ್ರಿಜ್ ಏನೂ ಬೇಡ. ನೆರಳು, ತಂಪು ಇದ್ದರೆ ಸಾಕು.

ಯಾವ ಪರೀಕ್ಷೆ ಕೇಳಬೇಕು

ಚೀಟಿಯಲ್ಲಿ ಡಾಕ್ಟರರು ಬರೆಯಬೇಕಾದ್ದು ಮೂರು. ಮೊದಲನೆಯದು ಡಿಎನ್‌ಎ ನಕಲಿನ ತಪ್ಪು ತಿದ್ದುವ ಎಂಎಂಆರ್ ಪ್ರೋಟೀನ್‌ಗಳ ಪರೀಕ್ಷೆ. ಎರಡನೆಯದು ಪಿ53, ಕೋಶ ಹದ್ದುಮೀರಿ ಬೆಳೆಯದಂತೆ ತಡೆಯುವ ಪ್ರೋಟೀನ್. ಈ ಎರಡನ್ನೂ ಐಎಚ್‌ಸಿ ಎಂಬ ಬಣ್ಣದ ವಿಧಾನದಲ್ಲಿ ಮಾಡುತ್ತಾರೆ. ಮೂರನೆಯದು ಪಿಒಎಲ್ಇ ಎಂಬ ಜೀನ್. ಡಾಕ್ಟರರು ಮಾತಿನಲ್ಲಿ ಪೋಲ್-ಇ ಅನ್ನುತ್ತಾರೆ. ಇದಕ್ಕೆ ಬಣ್ಣದ ಪರೀಕ್ಷೆ ಇಲ್ಲ, ಡಿಎನ್‌ಎ ತೆಗೆದು ಅಕ್ಷರ ಅಕ್ಷರವಾಗಿ ಓದಬೇಕು. ಹಾಗಾಗಿ ಖರ್ಚೂ ಜಾಸ್ತಿ, ದಿನವೂ ಜಾಸ್ತಿ. ಎಲ್ಲರಿಗೂ ಇದು ಬೇಕಾಗುವುದಿಲ್ಲ. ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದಾ ಎಂದು ಡಾಕ್ಟರರನ್ನು ಕೇಳಿ ಮುಂದುವರಿಯಿರಿ.

ಎಂಎಂಆರ್‌ನಲ್ಲಿ ನಾಲ್ಕು ಪ್ರೋಟೀನ್‌ಗಳಿವೆ. ಎಂಎಲ್‌ಎಚ್1, ಪಿಎಂಎಸ್2 ಒಂದು ಜೋಡಿ. ಎಂಎಸ್‌ಎಚ್2, ಎಂಎಸ್‌ಎಚ್6 ಇನ್ನೊಂದು ಜೋಡಿ. ಪ್ರತಿ ಜೋಡಿಯಲ್ಲಿ ಮೊದಲನೆಯದು ಹೋದರೆ ಎರಡನೆಯದೂ ನಿಲ್ಲುವುದಿಲ್ಲ. ಇದರಿಂದ ದುಡ್ಡಿನ ಮಟ್ಟಿಗೆ ಒಂದು ಅನುಕೂಲ ಇದೆ. ನಾಲ್ಕೂ ಮಾಡಿಸಲು ಆಗದಿದ್ದರೆ ಪಿಎಂಎಸ್2 ಮತ್ತು ಎಂಎಸ್‌ಎಚ್6 ಎರಡನ್ನೇ ಮೊದಲು ಮಾಡಿಸಬಹುದು. ಎರಡೂ ಸರಿ ಇದ್ದರೆ ನಾಲ್ಕೂ ಸರಿ ಎಂದು ಹೆಚ್ಚುಕಡಿಮೆ ನಂಬಬಹುದು. ಒಂದು ಹೋಗಿದ್ದರೆ ಅದರ ಜೋಡಿಯನ್ನು ನೋಡಿಸಿ.

ಈ ಜೀನ್‌ಗೂ ರೋಗನಿರೋಧಕ ಶಕ್ತಿಗೂ ಏನು ಸಂಬಂಧ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ತುಂಬಾ ಇಷ್ಟದ ಭಾಗ ಇದು.

ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯ ನಕಲು ಆಗುತ್ತದೆ. ಮುನ್ನೂರು ಕೋಟಿ ಅಕ್ಷರ ನಕಲು ಮಾಡುವಾಗ ತಪ್ಪು ಆಗೇ ಆಗುತ್ತದೆ. ನಕಲು ಮಾಡುವ ಯಂತ್ರದ ಒಂದು ಭಾಗ ಪೋಲ್-ಇ. ಅದು ಬರೆಯುತ್ತ ಬರೆಯುತ್ತಲೇ ತನ್ನ ತಪ್ಪನ್ನು ತಾನೇ ಅಳಿಸುತ್ತದೆ. ಅದರ ಕಣ್ಣು ತಪ್ಪಿದ್ದನ್ನು ಹಿಂದೆ ಬರುವ ಎಂಎಂಆರ್ ತಂಡ ಹುಡುಕಿ ಸರಿ ಮಾಡುತ್ತದೆ. ಈ ಎರಡರಲ್ಲಿ ಒಂದು ಕೆಟ್ಟರೆ ತಪ್ಪುಗಳು ರಾಶಿ ಬೀಳುತ್ತವೆ. ಎಂಎಂಆರ್ ಕೆಟ್ಟ ಗಡ್ಡೆಯಲ್ಲಿ ಡಿಎನ್‌ಎಯ ಪ್ರತಿ ಹತ್ತು ಲಕ್ಷ ಅಕ್ಷರಕ್ಕೆ ಹತ್ತಕ್ಕಿಂತ ಹೆಚ್ಚು ತಪ್ಪು. ಪೋಲ್-ಇ ಕೆಟ್ಟಿದ್ದರೆ ನೂರು ದಾಟುತ್ತದೆ.

ಹಾಗಾದರೆ ಪೋಲ್-ಇ ಕೆಟ್ಟವರ ಗತಿ ಎಲ್ಲರಿಗಿಂತ ಕೆಟ್ಟದ್ದಿರಬೇಕು ಅನಿಸುತ್ತದೆ. ಇಲ್ಲ, ಅವರೇ ಎಲ್ಲರಿಗಿಂತ ಚೆನ್ನಾಗಿ ಉಳಿಯುತ್ತಾರೆ.

ಬೆಟಗೇರಿಯ ನೇಕಾರರ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಸೀರೆಯಲ್ಲಿ ಒಂದೆರಡು ಎಳೆ ತಪ್ಪಿದ್ದರೆ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಸೀರೆ ತುಂಬಾ ಎಳೆ ತಪ್ಪಿದ್ದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಡಿಎನ್‌ಎಯಲ್ಲಿ ತಪ್ಪು ಜಾಸ್ತಿಯಾದಷ್ಟೂ ಗಡ್ಡೆಯ ಮೈಮೇಲೆ ವಿಚಿತ್ರ ಪ್ರೋಟೀನ್ ಚೂರುಗಳು ಕಾಣಿಸಿಕೊಳ್ಳುತ್ತವೆ. ನಮ್ಮ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಅಂತ ಒಂದು ಬಗೆ ಇದೆ. ಅವಕ್ಕೆ "ಇದು ನಮ್ಮದಲ್ಲ" ಎಂದು ತಕ್ಷಣ ಗೊತ್ತಾಗುತ್ತದೆ. ಗುಂಪು ಗುಂಪಾಗಿ ಗಡ್ಡೆಯೊಳಗೆ ನುಗ್ಗುತ್ತವೆ. ಪೋಲ್-ಇ ಕೆಟ್ಟ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಂಥ ಕಣಗಳು ಕಿಕ್ಕಿರಿದಿರುತ್ತವೆ.

ಗಡ್ಡೆಯೂ ಸುಮ್ನೆ ಕೂರುವುದಿಲ್ಲ. ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೆ ಹಿಡಿಯುತ್ತದೆ. ಟಿ ಕೋಶದ ಮೇಲಿನ ಪಿಡಿ-1 ಅದಕ್ಕೆ ತಗುಲಿದರೆ ಟಿ ಕೋಶ ತಣ್ಣಗಾಗಿಬಿಡುತ್ತದೆ. ಈ ತಡೆಯನ್ನು ತೆಗೆಯುವ ಔಷಧಿಗಳೇ ಇಮ್ಯುನೋಥೆರಪಿ. ಇದರ ಬುನಾದಿ ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ರಿಪೋರ್ಟ್ ಬಂತು, ಈಗ ಓದುವುದು

ಬಣ್ಣದ ಪರೀಕ್ಷೆಯಲ್ಲಿ ಪ್ರೋಟೀನ್ ಇದ್ದ ಕಡೆ ಕಂದು, ಇಲ್ಲದ ಕಡೆ ಬರೀ ನೀಲಿ. ಎಂಎಂಆರ್ ಸಾಲಿನಲ್ಲಿ "ಇಂಟ್ಯಾಕ್ಟ್" ಅಥವಾ "ರಿಟೇನ್ಡ್" ಎಂದು ಇದ್ದರೆ ಪ್ರೋಟೀನ್ ಇದೆ. "ಲಾಸ್" ಎಂದಿದ್ದರೆ ಹೋಗಿದೆ. ಲಾಸ್ ಎಂದು ನಂಬುವ ಮೊದಲು ಒಂದು ಸಾಲು ಹುಡುಕಿ: ಪಕ್ಕದ ಸಹಜ ಕೋಶಗಳು ಬಣ್ಣ ಹಿಡಿದಿವೆ ಎಂದು ಬರೆದಿರಬೇಕು. ಅದಕ್ಕೆ ಇಂಟರ್ನಲ್ ಕಂಟ್ರೋಲ್ ಅನ್ನುತ್ತಾರೆ. ಸಹಜ ಕೋಶವೇ ಬಣ್ಣ ಹಿಡಿಯದಿದ್ದರೆ ಪರೀಕ್ಷೆ ಕೆಟ್ಟಿದೆ ಎಂದರ್ಥ, ಜೀನ್ ಕೆಟ್ಟಿದೆ ಎಂದಲ್ಲ. ದೊಡ್ಡವ್ವನ ಮೊದಲನೇ ಪರೀಕ್ಷೆ ವಾಪಸ್ ಬಂದದ್ದು ಇದೇ ಕಾರಣಕ್ಕೆ. ಅದನ್ನು "ಲಾಸ್" ಎಂದು ಬರೆದು ಕಳಿಸದೆ ನಿಲ್ಲಿಸಿದ ಆ ಪೆಥಾಲಜಿಸ್ಟ್‌ಗೆ ನಾನು ಇವತ್ತಿಗೂ ಋಣಿ.

ಪಿ53 ಸಾಲಿನಲ್ಲಿ "ವೈಲ್ಡ್ ಟೈಪ್" ಎಂದರೆ ಸಹಜ. ಎಲ್ಲಾ ಕೋಶವೂ ಗಾಢ ಕಂದು ಆಗಿದ್ದರೆ, ಅಥವಾ ಒಂದೂ ಬಣ್ಣ ಹಿಡಿಯದಿದ್ದರೆ, ಎರಡೂ ಅಸಹಜವೇ. ಇಲ್ಲಿ ಜನ ಬಹಳ ಮೋಸ ಹೋಗುತ್ತಾರೆ. "ನೆಗೆಟಿವ್ ಬಂದೈತಿ, ಚಲೋ ಆತು" ಅಂದುಕೊಳ್ಳುತ್ತಾರೆ. ಪಿ53ರಲ್ಲಿ ಪೂರ್ತಿ ನೆಗೆಟಿವ್ ಒಳ್ಳೆಯ ಸುದ್ದಿಯಲ್ಲ.

ಗುಂಪು ಹೇಳುವಾಗ ಒಂದು ಕ್ರಮ ಇದೆ. ಮೊದಲು ಪೋಲ್-ಇ ನೋಡಬೇಕು. ಅದರಲ್ಲಿ ರೋಗಕ್ಕೆ ಕಾರಣವಾಗುವ ದೋಷ ಇದ್ದರೆ ಗುಂಪು ಅದೇ, ಪಿ53 ಕೆಟ್ಟಿದ್ದರೂ ಸರಿ. ಇಲ್ಲದಿದ್ದರೆ ಎಂಎಂಆರ್ ನೋಡಬೇಕು. ಅದು ಹೋಗಿದ್ದರೆ ಎಂಎಂಆರ್ ಗುಂಪು. ಅದೂ ಸರಿ ಇದ್ದು ಪಿ53 ಅಸಹಜ ಇದ್ದರೆ ಪಿ53 ಗುಂಪು. ಮೂರೂ ಇಲ್ಲದಿದ್ದರೆ ನಾಲ್ಕನೆಯ ಗುಂಪು. ರಿಪೋರ್ಟಿನಲ್ಲಿ ಅದಕ್ಕೆ ಎನ್‌ಎಸ್‌ಎಂಪಿ ಎಂದು ಬರೆಯುತ್ತಾರೆ. ಅದರಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಇದೆಯಾ ಎಂದು ನೋಡಿಸುವುದು ಉಪಯೋಗ. ಪಿ53 ಗುಂಪಿನವರು ಹರ್2 ಎಂಬ ಪ್ರೋಟೀನಿನ ಪರೀಕ್ಷೆಯ ಬಗ್ಗೆ ಕೇಳಬೇಕು.

ಈ ನಾಲ್ಕು ಗುಂಪು ಯಾರೋ ಸುಮ್ಮನೆ ಮಾಡಿದ್ದಲ್ಲ. 2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ 373 ಗಡ್ಡೆಗಳನ್ನು ಓದಿ ಇದನ್ನು ತೋರಿಸಿತು. 2023ರಲ್ಲಿ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಫಿಗೊ ಹಂತ ಹೇಳುವ ಪದ್ಧತಿಯಲ್ಲೇ ಇದನ್ನು ಸೇರಿಸಿತು.

ಮುಂದೇನಾಗಬಹುದು ಎನ್ನುವುದಕ್ಕೆ ಒಂದು ಅಂದಾಜು ಕೊಡುತ್ತೇನೆ. ಪೋರ್ಟೆಕ್-3 ಎಂಬ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ ಮಹಿಳೆಯರ 410 ಗಡ್ಡೆಗಳನ್ನು ಹೀಗೆ ವಿಂಗಡಿಸಿ 2020ರಲ್ಲಿ ಪ್ರಕಟಿಸಿದರು. ಐದು ವರ್ಷ ಕಾಯಿಲೆ ಮರಳದೆ ಇದ್ದವರು ಪೋಲ್-ಇ ಗುಂಪಿನಲ್ಲಿ ನೂರಕ್ಕೆ 98. ಎಂಎಂಆರ್ ಗುಂಪಿನಲ್ಲಿ 72. ನಾಲ್ಕನೇ ಗುಂಪಿನಲ್ಲಿ 74. ಪಿ53 ಗುಂಪಿನಲ್ಲಿ 48. ಆದರೆ ಅಲ್ಲಿಗೇ ನಿಲ್ಲಬೇಡಿ. ಪಿ53 ಗುಂಪಿನಲ್ಲಿ ಬರೀ ರೇಡಿಯೇಷನ್ ತೆಗೆದುಕೊಂಡವರಲ್ಲಿ ಅದು 36, ರೇಡಿಯೇಷನ್ ಜೊತೆ ಕೀಮೊ ತೆಗೆದುಕೊಂಡವರಲ್ಲಿ 59. ಈ ಸಂಖ್ಯೆಗಳನ್ನು ನೋಡಿ ಹೆದರಿ ಕೂರುವ ಬದಲು ಇದೇ ಪ್ರಶ್ನೆ ಕೇಳಿ: "ನಮ್ಮ ಗುಂಪಿಗೆ ಯಾವ ಚಿಕಿತ್ಸೆ ಸೇರಿಸಿದರ ಲಾಭ ಐತ್ರಿ?"

ದೊಡ್ಡವ್ವ "ನಾ ಎಷ್ಟು ದಿನ ಇರ್ತೀನಿ ಅಂತ ಅದರಾಗ ಬರದೈತೇನು?" ಎಂದು ಕೇಳಿದಳು. "ಇಲ್ಲವ್ವಾ, ನಿನಗ ಯಾವ ಔಷಧ ಹತ್ತತೈತಿ ಅಂತ ಬರದೈತಿ" ಅಂದೆ. ಅದು ಸಮಾಧಾನದ ಸುಳ್ಳಲ್ಲ. ನಿಜವಾಗಿ ಈ ಪರೀಕ್ಷೆಯ ಕೆಲಸ ಅದೇ.

ಹೆಣ್ಣುಮಕ್ಕಳಿಗೂ ಬರುತ್ತದಾ?

ದೊಡ್ಡವ್ವಗೆ ಎಂಎಲ್‌ಎಚ್1, ಪಿಎಂಎಸ್2 ಎರಡೂ ಹೋಗಿದ್ದವು. ರಾಣೇಬೆನ್ನೂರಿನ ಅಕ್ಕ, ನವಲಗುಂದದ ಅಕ್ಕ ಇಬ್ಬರೂ ಅವತ್ತೇ ಫೋನ್ ಮಾಡಿದರು. ಕೇಳಿದ್ದು ಒಂದೇ ಮಾತು: "ನಮಗೂ ಬರತೈತೇನು?"

ಎಂಎಂಆರ್ ಹೋಗಲು ಮುಖ್ಯವಾಗಿ ಎರಡು ದಾರಿ ಇವೆ. ಒಂದು, ವಯಸ್ಸಾದ ಮೇಲೆ ಗಡ್ಡೆಯಲ್ಲಿ ಮಾತ್ರ ಎಂಎಲ್‌ಎಚ್1 ಜೀನಿಗೆ ಬೀಗ ಬೀಳುವುದು. ಇದಕ್ಕೆ ಮೆಥಿಲೇಷನ್ ಅನ್ನುತ್ತಾರೆ. ಬಹುಪಾಲು ಜನರದ್ದು ಇದೇ. ಇದು ಸಾಮಾನ್ಯವಾಗಿ ಮಕ್ಕಳಿಗೆ ದಾಟುವುದಿಲ್ಲ. ಇನ್ನೊಂದು, ಹುಟ್ಟಿನಿಂದಲೇ ಜೀನ್ ಕೆಟ್ಟಿರುವುದು. ಇದು ಲಿಂಚ್ ಸಿಂಡ್ರೋಮ್. ಗರ್ಭಕೋಶದ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು 3 ಜನಕ್ಕೆ ಇರುತ್ತದೆ. ಇದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂಥವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯವೂ ಜಾಸ್ತಿ.

ಹಾಗಾಗಿ ಎಂಎಲ್‌ಎಚ್1 ಹೋಗಿದ್ದರೆ ಅದೇ ಬ್ಲಾಕಿನಲ್ಲಿ ಮೆಥಿಲೇಷನ್ ಪರೀಕ್ಷೆ ಮಾಡಿಸಿ. ಮೆಥಿಲೇಷನ್ ಇಲ್ಲದಿದ್ದರೆ, ಅಥವಾ ಎಂಎಸ್‌ಎಚ್2, ಎಂಎಸ್‌ಎಚ್6, ಇಲ್ಲವೇ ಪಿಎಂಎಸ್2 ಒಂದೇ ಹೋಗಿದ್ದರೆ, ರೋಗಿಯ ರಕ್ತದ ಜೀನ್ ಪರೀಕ್ಷೆ ಬೇಕು. ಮೊದಲು ರೋಗಿಯದು. ಅದರಲ್ಲಿ ದೋಷ ಸಿಕ್ಕ ಮೇಲೆ ಮಾತ್ರ ಮಕ್ಕಳದು, ತಂಗಿಯರದು. ದೋಷ ಇದ್ದ ಮಕ್ಕಳಿಗೆ ಕೆಲವು ಜೀನ್‌ಗಳಲ್ಲಿ 25ರ ಆಸುಪಾಸಿನಿಂದಲೇ ವರ್ಷ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡುತ್ತಾರೆ.

ಈ ಕಾಯಿಲೆಯ ಕಥೆ ಶುರುವಾದದ್ದೇ ಒಬ್ಬ ಹೆಣ್ಣುಮಗಳಿಂದ. 1895ರಲ್ಲಿ ಮಿಷಿಗನ್‌ನ ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ಥಿನ್‌ಗೆ ಅವನ ಬಟ್ಟೆ ಹೊಲಿಯುವವಳು ತನ್ನ ಮನೆತನದಲ್ಲಿ ಬಹಳ ಜನ ಕ್ಯಾನ್ಸರಿನಿಂದ ತೀರಿಕೊಂಡಿದ್ದಾರೆ, ತನಗೂ ಅದೇ ಬರುತ್ತದೆ ಎಂದು ಹೇಳಿದಳು. ಆಮೇಲೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡಳು. ವಾರ್ಥಿನ್ 1913ರಲ್ಲಿ ಆ ಮನೆತನದ ವಂಶಾವಳಿ ಪ್ರಕಟಿಸಿದ. ಮುಂದೆ ಎಷ್ಟೋ ದಶಕಗಳ ಮೇಲೆ ಆ ಮನೆತನದಲ್ಲಿ ಎಂಎಸ್‌ಎಚ್2 ದೋಷ ಸಿಕ್ಕಿತು. ನಿಮ್ಮ ಮನೆಯ ಹಿರಿಯ ಹೆಂಗಸರು "ನಮ್ಮ ಅತ್ತಿಗೂ ಹಿಂಗ ಆಗಿತ್ತು" ಎಂದರೆ ಬರೆದಿಟ್ಟುಕೊಂಡು ಡಾಕ್ಟರರಿಗೆ ಹೇಳಿ.

ನಮಗೆ ಮೆಥಿಲೇಷನ್ ಇದೆ ಎಂದು ಬಂತು. ಅಕ್ಕಂದಿರು ಎಷ್ಟೋ ದಿನದ ಮೇಲೆ ಅವತ್ತು ನಿದ್ದೆ ಮಾಡಿದರು.

"ಇಮ್ಯೂನ್ ಜೀನ್ ಸ್ಕೋರ್" ಎಂದು ನೆಟ್‌ನಲ್ಲಿ ಕಂಡರೆ

ಹುಡುಕಲು ಕೂತರೆ ರೋಗನಿರೋಧಕ ಜೀನ್‌ಗಳ ಸ್ಕೋರಿನಿಂದ ಭವಿಷ್ಯ ಹೇಳುತ್ತೇವೆ ಎನ್ನುವ ಪ್ರಬಂಧಗಳು ಬಹಳ ಸಿಗುತ್ತವೆ. ನಾನೂ ರಾತ್ರಿಯೆಲ್ಲ ಓದಿದೆ. ಅವು ಹೇಗೆ ತಯಾರಾಗುತ್ತವೆ ಎಂದು ಗೊತ್ತಿದ್ದರೆ ಎಷ್ಟು ನಂಬಬೇಕು ಎಂದೂ ಗೊತ್ತಾಗುತ್ತದೆ. ಧಾರವಾಡದಲ್ಲಿ ಎಂಎಸ್ಸಿ ಓದುವ ಹುಡುಗ ಹುಡುಗಿಯರಿಗೂ ಇದು ಉಪಯೋಗ. ಆ ಅಟ್ಲಾಸಿನ ಮಾಹಿತಿ ಈಗ ಐನೂರಕ್ಕೂ ಹೆಚ್ಚು ಗಡ್ಡೆಗಳದ್ದು ಇದೆ. ಜೀನ್‌ಗಳು ಎಷ್ಟು ಕೆಲಸ ಮಾಡುತ್ತಿವೆ ಎಂಬ ಲೆಕ್ಕವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ಕೆಲಸ ಹೀಗೆ ನಡೆಯುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಸೇರಿದ ಜೀನ್‌ಗಳ ಪಟ್ಟಿ ತೆಗೆದುಕೊಳ್ಳುತ್ತಾರೆ. ಇಮ್‌ಪೋರ್ಟ್ ಎಂಬ ಭಂಡಾರದಲ್ಲಿ ಅದು ಸಿಗುತ್ತದೆ. ಯಾವ ಜೀನ್ ಜಾಸ್ತಿ ಇದ್ದವರು ಹೆಚ್ಚು ದಿನ ಬದುಕಿದರು, ಯಾವುದು ಜಾಸ್ತಿ ಇದ್ದವರು ಬೇಗ ಹೋದರು ಎಂದು ಕಾಕ್ಸ್ ಲೆಕ್ಕದಲ್ಲಿ ನೋಡುತ್ತಾರೆ. ಲ್ಯಾಸೊ ಎಂಬ ಜರಡಿ ಹಿಡಿದು ಐದೋ ಹತ್ತೋ ಜೀನ್ ಉಳಿಸಿಕೊಳ್ಳುತ್ತಾರೆ. ಪ್ರತಿ ಜೀನಿಗೂ ಒಂದು ತೂಕ ಕೊಟ್ಟು ಗುಣಿಸಿ ಕೂಡಿಸಿದರೆ ಒಬ್ಬೊಬ್ಬರಿಗೆ ಒಂದು ಅಂಕ. ಮಧ್ಯದ ಅಂಕದಲ್ಲಿ ಗೆರೆ ಎಳೆದು ಅಪಾಯ ಜಾಸ್ತಿ, ಅಪಾಯ ಕಡಿಮೆ ಎಂದು ಎರಡು ಗುಂಪು ಮಾಡುತ್ತಾರೆ.

ಇಂಥ ಪ್ರಬಂಧ ಕೈಗೆ ಬಂದರೆ ನಾನು ಮೊದಲು ನೋಡುವುದು, ಅಂಕ ಕಟ್ಟಿದ ರೋಗಿಗಳನ್ನು ಬಿಟ್ಟು ಬೇರೆ ಊರಿನ, ಬೇರೆ ಆಸ್ಪತ್ರೆಯ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದ್ದಾರಾ ಎಂದು. ಉತ್ತರ ಪತ್ರಿಕೆ ನೋಡಿಕೊಂಡು ಪ್ರಶ್ನೆ ಪತ್ರಿಕೆ ಮಾಡಿದರೆ ಎಲ್ಲರಿಗೂ ನೂರು ಅಂಕವೇ. ಎರಡನೆಯದು ಇನ್ನೂ ಮುಖ್ಯ. ಪೋಲ್-ಇ ಮತ್ತು ಎಂಎಂಆರ್ ಗುಂಪುಗಳಲ್ಲಿ ಟಿ ಕೋಶ ಮೊದಲೇ ಜಾಸ್ತಿ. ಹಾಗಿದ್ದಾಗ ಹೊಸ ಅಂಕ ಅದೇ ಗುಂಪುಗಳನ್ನು ಇನ್ನೊಂದು ಹೆಸರಿನಲ್ಲಿ ತೋರಿಸುತ್ತಿದೆಯಾ, ಅಥವಾ ಅದಕ್ಕಿಂತ ಹೆಚ್ಚಿನದೇನಾದರೂ ಹೇಳುತ್ತಿದೆಯಾ? ಒಂದೊಂದು ಗುಂಪಿನ ಒಳಗೆ ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬಹಳ ಪ್ರಬಂಧಗಳು ಇದನ್ನು ಮಾಡುವುದೇ ಇಲ್ಲ.

ಗಡ್ಡೆಯನ್ನು ಇಡಿಯಾಗಿ ಅರೆದು, ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಆರ್‌ಎನ್‌ಎ ಅಳೆಯುವುದರಲ್ಲೂ ಒಂದು ಕೊರತೆ ಇದೆ. ಗಿರ್ಮಿಟ್ಟನ್ನು ಮಿಕ್ಸರ್‌ಗೆ ಹಾಕಿ ರುಬ್ಬಿದರೆ ಉಳ್ಳಾಗಡ್ಡಿ ಎಷ್ಟಿತ್ತು ಎಂದು ಹೇಳಬಹುದು, ಎಲ್ಲಿತ್ತು ಎಂದು ಹೇಳಲಾಗದು. ಟಿ ಕೋಶ ಗಡ್ಡೆಯ ಒಳಗೆ ಇವೆಯಾ, ಅಂಚಿನಲ್ಲೇ ನಿಂತಿವೆಯಾ ಎನ್ನುವುದು ದೊಡ್ಡ ವ್ಯತ್ಯಾಸ. ಇನ್ನು ಆ ಅಟ್ಲಾಸಿನಲ್ಲಿ ಇರುವವರಲ್ಲಿ ಹೆಚ್ಚಿನವರು ಬಿಳಿಯ ಮಹಿಳೆಯರು. ನಮ್ಮಂಥವರು ಬಹಳ ಕಡಿಮೆ. ನಮ್ಮ ಕಡೆಯ ಮಕ್ಕಳು ಯಾರಾದರೂ ನಮ್ಮ ಹೆಣ್ಣುಮಕ್ಕಳ ಗಡ್ಡೆಗಳ ಮೇಲೆ ಈ ಕೆಲಸ ಮಾಡಲಿ ಎಂದು ನನಗೆ ಬಹಳ ಆಸೆ.

ಹಾಗಾಗಿ ಇಂಥ ಅಂಕದ ಪರೀಕ್ಷೆಯನ್ನು ಯಾರಾದರೂ ದುಡ್ಡು ತೆಗೆದುಕೊಂಡು ಮಾಡಿಕೊಡುತ್ತೇವೆ ಎಂದರೆ, ಎಂಎಂಆರ್ ಮತ್ತು ಪಿ53 ಮುಗಿಯುವ ತನಕ ಕೈ ಹಾಕಬೇಡಿ. ಚಿಕಿತ್ಸೆ ನಿಂತಿರುವುದು ಸದ್ಯಕ್ಕೆ ಅವುಗಳ ಮೇಲೆ.

ದುಡ್ಡು ಮತ್ತು ಔಷಧಿ

ಇಮ್ಯುನೋಥೆರಪಿ ಎಲ್ಲರಿಗೂ ಅಲ್ಲ. ಕಾಯಿಲೆ ಹರಡಿದವರಿಗೆ, ಅಥವಾ ಮರಳಿ ಬಂದವರಿಗೆ ಹೆಚ್ಚಾಗಿ ಕೊಡುತ್ತಾರೆ. ಎಂಎಂಆರ್ ಕೆಟ್ಟವರಿಗೆ ಲಾಭ ದೊಡ್ಡದು. 2023ರಲ್ಲಿ ಪ್ರಕಟವಾದ ರೂಬಿ ಅಧ್ಯಯನದಲ್ಲಿ ಅಂಥವರಿಗೆ ಕೀಮೊ ಜೊತೆ ಡೊಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಕೊಟ್ಟಾಗ ಎರಡು ವರ್ಷ ಕಾಯಿಲೆ ಮುಂದುವರಿಯದೆ ಇದ್ದವರು ನೂರಕ್ಕೆ 61. ಬರೀ ಕೀಮೊದಲ್ಲಿ ಸುಮಾರು 16. ಪೆಂಬ್ರೊಲಿಝುಮ್ಯಾಬ್ ಎಂಬ ಔಷಧಿಯೂ ಇದೇ ಬಗೆಯದು. ಆದರೆ ಖರ್ಚು ಲಕ್ಷಗಟ್ಟಲೆ. ಹೊಲ ಮಾರುವ ಮೊದಲು ಕೂತು ಮಾತಾಡಿ. ಕಂಪನಿಗಳ ರೋಗಿ ಸಹಾಯ ಯೋಜನೆ ಇದೆಯಾ, ಬೆಂಗಳೂರಿನ ಕಿದ್ವಾಯಿಯಂಥ ಕಡೆ ಯಾವುದಾದರೂ ಪ್ರಯೋಗದಲ್ಲಿ ಸೇರಬಹುದಾ ಎಂದು ಡಾಕ್ಟರರನ್ನು ಕೇಳಿ.

ಆಪರೇಷನ್, ರೇಡಿಯೇಷನ್, ಕೀಮೊಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ತೆಗೆದುಕೊಂಡು ಹೋಗಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶ ಇದೆ. ಹುಬ್ಬಳ್ಳಿಯಲ್ಲಿ ವಿದ್ಯಾನಗರದ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಮತ್ತು ನವನಗರದ ಕ್ಯಾನ್ಸರ್ ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ ನಮ್ಮ ಭಾಗದವರು ಹೋಗುವ ಜಾಗಗಳು. ಬಣ್ಣದ ಪರೀಕ್ಷೆ ಮತ್ತು ಜೀನ್ ಪರೀಕ್ಷೆ ಕಾರ್ಡಿನಲ್ಲಿ ಬರುತ್ತದಾ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಬ್ಲಾಕನ್ನು ಬೇರೆ ಊರಿಗೆ ಕಳಿಸಬೇಕಾದರೆ ಯಾವ ದಿನ, ಯಾವ ಕೊರಿಯರ್, ವಾಪಸ್ ಯಾವಾಗ ಎಂದು ಬರೆಸಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಬ್ಲಾಕ್ ವಾಪಸ್ ಕೇಳಿ ತೆಗೆದುಕೊಳ್ಳಿ. ಕಾಯಿಲೆ ಮರಳಿದರೆ ಅದೇ ಬ್ಲಾಕ್ ಮತ್ತೆ ಬೇಕಾಗುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ನಡುವೆ ರಕ್ತ ಕಂಡರೆ, ಹೊಟ್ಟೆ ನೋವು ಶುರುವಾದರೆ, ತಾರೀಕಿಗಾಗಿ ಕಾಯಬೇಡಿ.

ದೊಡ್ಡವ್ವಗೆ ರೇಡಿಯೇಷನ್ ಆಗಿ ಈಗ ಎರಡು ವರ್ಷ ತುಂಬಿದೆ. ಬ್ಲಾಕ್ ನಮ್ಮ ಮನೆಯ ಅಲಮಾರಿಯಲ್ಲಿ, ಸ್ಟೀಲ್ ಡಬ್ಬಿಯೊಳಗೆ ಇದೆ. ಮೇಲೆ ಅವಳ ಹೆಸರು, ತಾರೀಕು, ರಿಪೋರ್ಟಿನ ನಂಬರ್ ಬರೆದು ಅಂಟಿಸಿದ್ದೇನೆ. ಬಂದಾಗಲೊಮ್ಮೆ ಡಬ್ಬಿ ತೆಗೆಸಿ ನೋಡುತ್ತಾಳೆ. "ಐತಲ್ಲವಾ, ಸಾಕು" ಎಂದು ಮತ್ತೆ ಒಳಗೆ ಇಡಿಸುತ್ತಾಳೆ.